ಮಂದ ಬೆಳಕಿನ ಚಿತ್ರೀಕರಣಕ್ಕೆ ಕ್ಯಾಮ್‌ಕಾರ್ಡರ್ ಆರಿಸುವುದು ಹೇಗೆ?

ಚೈತ್ರ ಹುಣ್ಣಿಮೆಯ ರಾತ್ರಿ ಬೆಂಗಳೂರಿನ ತಿಗಳರಪೇಟೆಯ ಧರ್ಮರಾಯಸ್ವಾಮಿ ದೇವಸ್ಥಾನದಿಂದ ಹೊರಡುವ ಕರಗವನ್ನೋ, ರವೀಂದ್ರ ಕಲಾಕ್ಷೇತ್ರದಲ್ಲಿ ಮಗಳ ರಂಗಪ್ರವೇಶವನ್ನೋ ಸೆರೆಹಿಡಿಯಬೇಕೆಂದು ಕ್ಯಾಮ್‌ಕಾರ್ಡರ್ ಕೊಳ್ಳಲು ಹೊರಟವರು ಮೊದಲಿಗೆ ಪೆಟ್ಟಿಗೆಯ ಮೇಲಿನ ‘ಕನಿಷ್ಠ ಲಕ್ಸ್’ (ಚಿತ್ರ ಮೂಡಲು ಬೇಕಾದ ಅತಿ ಕಡಿಮೆ ಬೆಳಕು) ಅಂಕಿಯನ್ನು ಬದಿಗಿಡಬೇಕು. ಷಟರ್ ವೇಗವನ್ನು ತೀರಾ ತಗ್ಗಿಸಿ, ಚಿತ್ರದ ವಿದ್ಯುತ್ ಸಂಕೇತವನ್ನು ಹಿಗ್ಗಿಸುವ ಗೇನ್ ಏರಿಸಿ ಅಳೆದ ಅಂಕಿ ಅದಾಗಿರಬಹುದು. ಆ ಸ್ಥಿತಿಯಲ್ಲಿ ಕುಣಿಯುವ ಕೈಕಾಲುಗಳು ಬರೀ ಗೆರೆಗಳಾಗಿ ಮೂಡುತ್ತವೆ. ಇನ್‌ಫ್ರಾರೆಡ್ ರಾತ್ರಿ ಮೋಡ್‌ನಲ್ಲಿ ಸಹಜ ಬಣ್ಣಗಳು ಉಳಿಯುವುದಿಲ್ಲವಾದ್ದರಿಂದ ಅದಕ್ಕೂ ಮಾರುಹೋಗಬೇಕಿಲ್ಲ.

ಮುಂದೆ ನೋಡಬೇಕಾದದ್ದು ಬೆಳಕನ್ನು ಹಿಡಿದು ಚಿತ್ರವಾಗಿಸುವ ಸೆನ್ಸರ್‌ನ ಗಾತ್ರ. ‘1 ಇಂಚು’ ಎಂದು ಕರೆಯುವ ಸೆನ್ಸರ್ ವಾಸ್ತವದಲ್ಲಿ ಸುಮಾರು 13.2 ಮಿ.ಮೀ. ಅಗಲ, 8.8 ಮಿ.ಮೀ. ಎತ್ತರವಿರುತ್ತದೆ. ಹಾಗಿದ್ದರೂ 1/2.5 ಇಂಚಿನ ಸೆನ್ಸರ್‌ಗೆ ಹೋಲಿಸಿದರೆ ಅದರ ವಿಸ್ತೀರ್ಣ ನಾಲ್ಕು ಪಟ್ಟಿಗೂ ಹೆಚ್ಚು. ಹಣ ಸೀಮಿತವಾಗಿದ್ದರೆ ಮೆಗಾಪಿಕ್ಸೆಲ್ ಕಡಿಮೆಯಾದರೂ ಸರಿ, ಸೆನ್ಸರ್ ದೊಡ್ಡದಿರಲಿ ಎಂಬುದು ನನ್ನ ಖಚಿತ ಅಭಿಪ್ರಾಯ.

ಲೆನ್ಸ್‌ನ ಅಪರ್ಚರ್, ಅಂದರೆ ಬೆಳಕು ಒಳಬರುವ ಕಿಂಡಿಯ ವಿಷಯದಲ್ಲಿ ಜೂಮ್ ಮಾಡದಿದ್ದಾಗಿನದು ಮತ್ತು ಪೂರ್ತಿ ಜೂಮ್ ಮಾಡಿದಾಗಿನದು ಎಂಬ ಎರಡು ಅಂಕಿಗಳನ್ನು ಕೇಳಿ ತಿಳಿಯಬೇಕು; ಅಂಕಿ ದೊಡ್ಡದಾದಷ್ಟೂ ಕಿಂಡಿ ಕಿರಿದು. ಎಫ್/1.8 ಎಂದು ದೊಡ್ಡದಾಗಿ ಬರೆದಿರುವ ಲೆನ್ಸ್ ಪೂರ್ತಿ ಜೂಮ್ ಮಾಡಿದಾಗ ಎಫ್/4ಕ್ಕೆ ಇಳಿದರೆ, ಒಳಬರುವ ಬೆಳಕು ಸುಮಾರು ಐದನೇ ಒಂದು ಭಾಗವಾಗುತ್ತದೆ. ಸಭಾಂಗಣದ ಹಿಂದಿನ ಸಾಲಿನಲ್ಲಿ ಕುಳಿತವರಿಗೆ ಜೂಮ್ ಅನಿವಾರ್ಯವಾದ್ದರಿಂದ, ಅವರಿಗೆ ಈ ಎರಡನೆಯ ಅಂಕಿಯೇ ಮುಖ್ಯ.

ಷಟರ್, ಐರಿಸ್ (ಅಪರ್ಚರ್ ಹೊಂದಿಕೆ), ಗೇನ್, ವೈಟ್ ಬ್ಯಾಲೆನ್ಸ್ (ಬೆಳಕಿಗೆ ತಕ್ಕಂತೆ ಬಣ್ಣದ ಹೊಂದಿಕೆ), ಫೋಕಸ್ ಇವೆಲ್ಲವನ್ನೂ ಕೈಯಿಂದ ಹೊಂದಿಸುವ ಸೌಲಭ್ಯ ಇರಲೇಬೇಕು. ಕಪ್ಪು ಪರದೆಯ ಮುಂದೆ ಸ್ಪಾಟ್‌ಲೈಟ್‌ನಲ್ಲಿ ನಿಂತ ಕಲಾವಿದೆಯನ್ನು ಆಟೋ ಮೋಡ್‌ನಲ್ಲಿ ಚಿತ್ರೀಕರಿಸಿದರೆ, ಕ್ಯಾಮೆರಾ ಸುತ್ತಲಿನ ಕತ್ತಲನ್ನೇ ಲೆಕ್ಕಕ್ಕೆ ಹಿಡಿದು ಚಿತ್ರವನ್ನು ಬೆಳಗಿಸುತ್ತದೆ. ಆಗ ಮುಖ ಬೆಳ್ಳಗೆ ಬಿಳಿಚಿಕೊಂಡು, ಕಣ್ಣಿನ ಕಾಡಿಗೆಯ ಗೆರೆಯ ಹೊರತು ಅಭಿನಯದ ಸೂಕ್ಷ್ಮವೆಲ್ಲ ಮಾಯವಾಗುತ್ತದೆ. ಅತಿಬೆಳಕಿನ ಜಾಗದಲ್ಲಿ ಪಟ್ಟೆಗಳನ್ನು ತೋರಿಸುವ ‘ಜೀಬ್ರಾ’ ಇದ್ದರೆ ಇದನ್ನು ಮೊದಲೇ ತಡೆಯಬಹುದು. ನಮ್ಮ ವಿದ್ಯುತ್ 50 ಹರ್ಟ್ಸ್‌ನದಾದ್ದರಿಂದ, ಸೆಕೆಂಡಿಗೆ 25 ಫ್ರೇಮ್ ಮತ್ತು 1/50 ಸೆಕೆಂಡಿನ ಷಟರ್ ಸಿಗುತ್ತದೆಯೇ ಎಂದೂ ನೋಡಬೇಕು. ಟ್ಯೂಬ್‌ಲೈಟ್‌ನ ಮಿಣುಕು ಹೆಚ್ಚಾಗಿ ಇದರಿಂದಲೇ ತಪ್ಪುತ್ತದೆ.

ಕೊನೆಯ ಹಂತ ಅಂಗಡಿಯಲ್ಲಿನ ಪರೀಕ್ಷೆ. ಎಸ್.ಪಿ. ರಸ್ತೆಗಾಗಲಿ ಬೇರೆಡೆಗಾಗಲಿ ಹೋಗುವಾಗ ನಿಮ್ಮದೇ ಮೆಮೊರಿ ಕಾರ್ಡ್ ಮತ್ತು ಒಂದು ಕಪ್ಪು ಬಟ್ಟೆ ಜೊತೆಗಿರಲಿ. ಟ್ಯೂಬ್‌ಲೈಟ್‌ನಿಂದ ಕತ್ತಲ ಮೂಲೆಯತ್ತ ಕ್ಯಾಮೆರಾವನ್ನು ನಿಧಾನವಾಗಿ ತಿರುಗಿಸಿ, ಫೋಕಸ್ ಎಷ್ಟು ಹೊತ್ತು ತಡಕಾಡುತ್ತದೆಂದು ಗಮನಿಸಿರಿ. ಇಂಥ ಪರೀಕ್ಷೆಗೆ ಒಪ್ಪದ ಅಂಗಡಿಯಲ್ಲಿ ಹಣ ಸುರಿಯುವುದು ಬೇಡ. ಅದೇ ಮಾದರಿಯನ್ನು ಒಂದು ದಿನದ ಮಟ್ಟಿಗೆ ಬಾಡಿಗೆಗೆ ತಂದು ನೋಡುವುದೇ ಮೇಲು. ಫೋಕಸ್ ನೋಡಿದ ಬಳಿಕ ಕಪ್ಪು ಬಟ್ಟೆಯನ್ನು ನೆರಳಿನಲ್ಲಿ ಹರಡಿ 6, 12, 18 ಡೆಸಿಬಲ್ ಗೇನ್‌ನಲ್ಲಿ ಒಂದೊಂದು ತುಣುಕು ತೆಗೆಯಿರಿ. ಪ್ರತಿ 6 ಡೆಸಿಬಲ್‌ಗೆ ಸಂಕೇತ ಎರಡು ಪಟ್ಟಾಗುತ್ತದೆ, ಜೊತೆಗೆ ಕಾಳುಕಾಳಾದ ನಾಯ್ಸ್ ಕೂಡ ಎದ್ದು ಕಾಣುತ್ತದೆ. ಕ್ಯಾಮೆರಾದ ಪುಟ್ಟ ಪರದೆ ಇದನ್ನು ಮುಚ್ಚಿಡುವುದರಿಂದ ತುಣುಕುಗಳನ್ನು ಮನೆಯ ಕಂಪ್ಯೂಟರ್‌ನಲ್ಲಿಯೇ ನೋಡಬೇಕು. ಎಷ್ಟು ಗೇನ್‌ವರೆಗೆ ಚಿತ್ರ ಕಣ್ಣಿಗೆ ಸಹ್ಯವಾಗಿರುತ್ತದೋ ಅದೇ ಆ ಕ್ಯಾಮೆರಾದ ಮಿತಿ. ಬೆಲೆ ಕೊಡಬೇಕಾದದ್ದೂ ಅಷ್ಟಕ್ಕೇ.