ಬರಹಕ್ಕೆ ಅತಿಥಿ ಚಿತ್ರಕಾರರನ್ನು ಕರೆಯುವ ಬಗೆ

ಬ್ಯಾಡಗಿ ಮೆಣಸಿನಕಾಯಿಯ ಕುರಿತ ನನ್ನ ಪ್ರಬಂಧಕ್ಕೆ ದೂರದೂರಿನ ಚಿತ್ರಕಾರರೊಬ್ಬರು ಬರೆದುಕೊಟ್ಟ ಚಿತ್ರದಲ್ಲಿ ಕಾಯಿಗಳು ನುಣುಪಾಗಿ, ಎಣ್ಣೆ ಸವರಿದಂತೆ ಹೊಳೆಯುತ್ತಿದ್ದವು. ಒಣಗಿದ ಬ್ಯಾಡಗಿ ಕಾಯಿಯ ಗುರುತೇ ಅದರ ಸುಕ್ಕು ಎಂಬುದು ಹಾವೇರಿ ಜಿಲ್ಲೆಯ ಚಿಕ್ಕ ಮಕ್ಕಳಿಗೂ ಗೊತ್ತು. ತಪ್ಪು ನನ್ನದೇ ಆಗಿತ್ತು, ಏಕೆಂದರೆ ನಾನು ಅವರಿಗೆ ‘ಮೆಣಸಿನಕಾಯಿ’ ಎಂದಷ್ಟೇ ಹೇಳಿದ್ದೆ. ಮರುಸಲ ಬ್ಯಾಡಗಿಯ ಎರಡು ಬಗೆಗಳಾದ ಕಡ್ಡಿ ಮತ್ತು ಡಬ್ಬಿ ಕಾಯಿಗಳನ್ನು ಒಂದೊಂದು ಹಿಡಿ ತೆಗೆದು ಬೇರೆ ಬೇರೆ ಲಕೋಟೆಯಲ್ಲಿ ಹಾಕಿ ಕೊರಿಯರ್ ಮಾಡಿದೆ; ಎರಡನೆಯ ಚಿತ್ರದಲ್ಲಿ ಸುಕ್ಕಿನ ಜೊತೆಗೆ ತೊಟ್ಟಿನ ಬಾಗೂ ಬಂದಿತು.

ಸ್ವಂತ ಖರ್ಚಿನಲ್ಲಿ ಪ್ರಬಂಧಗಳ ಪುಸ್ತಕ ತರುವವರು ಪ್ರತಿ ಬರಹಕ್ಕೂ ಒಬ್ಬೊಬ್ಬ ಅತಿಥಿ ಚಿತ್ರಕಾರರನ್ನು ಕರೆಯಬೇಕೆಂದಿದ್ದರೆ ದೂರ ಹುಡುಕಬೇಕಾಗಿಲ್ಲ. ಧಾರವಾಡದಲ್ಲಿ ಡಿ.ವಿ. ಹಾಲಭಾವಿ, ಹುಬ್ಬಳ್ಳಿಯಲ್ಲಿ ಎಂ.ವಿ. ಮಿಣಜಗಿ, ಗದಗದಲ್ಲಿ ಟಿ.ಪಿ. ಅಕ್ಕಿ ಅವರು ಕಲಾಶಾಲೆ ಕಟ್ಟಿದ ಸೀಮೆಯಿದು. ಇಲ್ಲಿ ಕಲಿತವರು ಸುತ್ತಲಿನ ಊರುಗಳಲ್ಲಿಯೇ ಇದ್ದಾರೆ. ಕರೆಯುವ ಮೊದಲು ಅವರ ಹತ್ತಾರು ಕೆಲಸಗಳನ್ನು ನೋಡಿರಿ, ಮತ್ತು ಯಾವ ಚಿತ್ರ ಕಂಡು ಅವರನ್ನು ಕೇಳುತ್ತಿದ್ದೀರಿ ಎಂಬುದನ್ನು ಪತ್ರದ ಮೊದಲ ಸಾಲಿನಲ್ಲಿಯೇ ತಿಳಿಸಿರಿ.

ಅದೇ ಪತ್ರದಲ್ಲಿ ಸಂಭಾವನೆಯ ಮೊತ್ತವೂ ಇರಲಿ. ‘ನಿಮಗೂ ಪ್ರಚಾರ ಸಿಗುತ್ತದೆ’ ಎಂಬ ಮಾತನ್ನು ದಯವಿಟ್ಟು ಬರೆಯಬೇಡಿರಿ. ಮುದ್ರಕರಿಗೂ ಕಾಗದದ ಅಂಗಡಿಯವರಿಗೂ ನಾವು ಹಾಗೆ ಹೇಳುವುದಿಲ್ಲ. ಕರಡು ರೇಖಾಚಿತ್ರ ಒಪ್ಪಿಗೆಯಾಗದೆ ಕೆಲಸ ಅಲ್ಲಿಗೇ ನಿಂತರೆ ಎಷ್ಟು ಹಣ ಕೊಡುತ್ತೀರಿ, ಎಷ್ಟು ಸಲ ತಿದ್ದುಪಡಿ ಕೇಳುತ್ತೀರಿ ಎಂಬುದನ್ನೂ ಆಗಲೇ ನಿರ್ಧರಿಸಬೇಕು. ಎರಡು ಸಲಕ್ಕಿಂತ ಹೆಚ್ಚು ತಿದ್ದಿಸುವುದು ನನಗೆ ಸರಿಕಾಣುವುದಿಲ್ಲ.

ಸಾರಾಂಶ ಕಳಿಸಿದರೆ ಚಿತ್ರವೂ ಸಾರಾಂಶದಂತೆಯೇ ಬರುತ್ತದೆ, ಆದ್ದರಿಂದ ಪೂರ್ತಿ ಬರಹವನ್ನು ಕಳಿಸಿರಿ. ವಸ್ತುವಿನ ವಿವರದಲ್ಲಿ ಬಿಗಿಯಾಗಿಯೂ ಕಲ್ಪನೆಯಲ್ಲಿ ಸಡಿಲವಾಗಿಯೂ ಇರುವುದು ನಾನು ಪಾಲಿಸುವ ಕ್ರಮ: ಕಾಯಿ ಯಾವ ಜಾತಿಯದು ಎಂದು ಹೇಳುತ್ತೇನೆ, ಅದನ್ನು ಮುದುಕಿಯ ಉಡಿಯಲ್ಲಿ ತೋರಿಸಬೇಕೋ ಪೇಟೆಯ ಚೀಲದಲ್ಲಿ ತೋರಿಸಬೇಕೋ ಎಂದು ಹೇಳುವುದಿಲ್ಲ.

ಅಳತೆಯನ್ನು ಮೊದಲೇ ತಿಳಿಸಬೇಕು. ಡೆಮ್ಮಿ 1/8 ಆಕಾರದ ಪುಟ ಸುಮಾರು 5.5 ಇಂಚು ಅಗಲ, 8.5 ಇಂಚು ಎತ್ತರ ಇರುತ್ತದೆ. ಅದರಲ್ಲಿ 4 ಇಂಚು ಅಗಲದ ಚಿತ್ರ ಅಚ್ಚಾಗಬೇಕಾದರೆ ಇಂಚಿಗೆ 300 ಚುಕ್ಕಿಯಂತೆ ಕನಿಷ್ಠ 1200 ಪಿಕ್ಸೆಲ್ ಅಗಲ ಬೇಕು. ಕಪ್ಪು ಶಾಯಿಯ ರೇಖಾಚಿತ್ರವಾದರೆ 600ಕ್ಕೆ ಸ್ಕ್ಯಾನ್ ಮಾಡಿಸುವುದು ಒಳ್ಳೆಯದು. ವಾಟ್ಸಾಪ್‌ನಲ್ಲಿ ಫೋಟೊ ಎಂದು ಕಳಿಸಿದ ಚಿತ್ರ ಕುಗ್ಗಿ ಬರುತ್ತದೆಯಾದ್ದರಿಂದ ಇಮೇಲ್‌ನಲ್ಲಿ ಅಥವಾ ಡಾಕ್ಯುಮೆಂಟ್ ಆಗಿ ತರಿಸಿಕೊಳ್ಳಿರಿ.

ಹಕ್ಕಿನ ವಿಷಯವನ್ನು ಸ್ನೇಹದಲ್ಲಿ ತೇಲಿಸಬಾರದು. 1957ರ ಕೃತಿಸ್ವಾಮ್ಯ ಕಾಯ್ದೆಯ 19ನೆಯ ಕಲಮಿನಂತೆ ಹಕ್ಕಿನ ವರ್ಗಾವಣೆ ಬರಹದಲ್ಲಿಯೇ ಇರಬೇಕು. ಅವಧಿ ನಮೂದಿಸದಿದ್ದರೆ ಅದನ್ನು 5 ವರ್ಷವೆಂದೂ ಪ್ರದೇಶ ಹೇಳದಿದ್ದರೆ ಭಾರತವೆಂದೂ ತಿಳಿಯಲಾಗುತ್ತದೆ. ನನ್ನ ಮಟ್ಟಿಗೆ ಪೂರ್ತಿ ಹಕ್ಕು ಬೇಕಾಗಿಯೇ ಇಲ್ಲ. ಈ ಪುಸ್ತಕದಲ್ಲಿ ಮತ್ತು ಅದರ ಮರುಮುದ್ರಣದಲ್ಲಿ ಬಳಸುವ ಅನುಮತಿ ಸಾಕು. ಮೂಲಚಿತ್ರ ಅವರ ಬಳಿಯೇ ಉಳಿಯಲಿ, ಬೇಕಾದರೆ ಮಾರಿಕೊಳ್ಳಲಿ. 57ನೆಯ ಕಲಮು ಕಲಾವಿದರಿಗೆ ತಮ್ಮ ಹೆಸರಿನ ಹಕ್ಕನ್ನೂ, ಗೌರವಕ್ಕೆ ಕುಂದು ಬರುವಂತೆ ಕೃತಿಯನ್ನು ವಿರೂಪಗೊಳಿಸುವುದನ್ನು ತಡೆಯುವ ಹಕ್ಕನ್ನೂ ಕೊಟ್ಟಿದೆ. ಹೀಗಾಗಿ ಪುಟಕ್ಕೆ ಹೊಂದುವುದಿಲ್ಲವೆಂದು ಚಿತ್ರದ ಅಂಚನ್ನು ನೀವೇ ಕತ್ತರಿಸುವ ಮುನ್ನ ಒಂದು ಮಾತು ಕೇಳಿರಿ. ಸಹಿ ಹೆಚ್ಚಾಗಿ ಆ ಅಂಚಿನಲ್ಲಿಯೇ ಇರುತ್ತದೆ.

ಪುಟವಿನ್ಯಾಸ ಮುಗಿದ ಮೇಲೆ ಅವರ ಚಿತ್ರವಿರುವ ಪುಟದ ಕರಡನ್ನು ಕಳಿಸಿ, ಹೆಸರನ್ನು ಅವರು ಬರೆದುಕೊಳ್ಳುವ ರೀತಿಯಲ್ಲಿಯೇ ಅಚ್ಚುಮಾಡಿಸಿರಿ. ಇನಿಶಿಯಲ್ ತಪ್ಪಿದರೂ ಬೇಸರವಾಗುತ್ತದೆ. ಪುಸ್ತಕ ಬಂದ ವಾರದೊಳಗೆ ಉಳಿದ ಹಣವನ್ನೂ ಎರಡು ಗೌರವ ಪ್ರತಿಗಳನ್ನೂ ತಲುಪಿಸಿರಿ.