ಸಂಗೀತ ಕಛೇರಿ ಕೆಡಿಸದೆ ಫೋಟೊ ತೆಗೆಯುವುದು ಹೇಗೆ?

ರಾಮನವಮಿ ಬಂತೆಂದರೆ ಬೆಂಗಳೂರಿನ ಸಂಗೀತ ಸಭೆಗಳಲ್ಲಿ ಹೊಸ ಕ್ಯಾಮೆರಾಗಳೂ ಕಾಣಿಸಿಕೊಳ್ಳುತ್ತವೆ. ಆಲಾಪನೆ ತಾರಸ್ಥಾಯಿ ಷಡ್ಜದಲ್ಲಿ, ಅಂದರೆ ಮೇಲಿನ ‘ಸ’ ಸ್ವರದಲ್ಲಿ, ನಿಂತ ಗಳಿಗೆಯಲ್ಲೇ ಎಲ್ಲಿಂದಲೋ ಶಟರ್ ಟಕಟಕ ಎನ್ನುತ್ತದೆ. ಮುಂದಿನ ಸಾಲಿನಲ್ಲಿ ಕಣ್ಣು ಮುಚ್ಚಿ ಕೂತ ಹಿರಿಯರು ಕಣ್ತೆರೆದು ತಿರುಗಿ ನೋಡುತ್ತಾರೆ. ಇದನ್ನು ಎಷ್ಟೋ ವರ್ಷದಿಂದ ನೋಡಿ ಬೇಸತ್ತು ಬರೆಯುತ್ತಿದ್ದೇನೆ.

ಮೊದಲು ಆಯೋಜಕರ ಅನುಮತಿ ಪಡೆಯಿರಿ, ಕಲಾವಿದರಿಗೂ ಒಂದು ಮಾತು ಹೇಳಿ. ಫ್ಲ್ಯಾಷ್ ಬ್ಯಾಗಿನಲ್ಲೇ ಇರಲಿ. ಬೀಪ್ ಸದ್ದು, ಫೋಕಸ್‌ಗೆ ಹತ್ತುವ ಪುಟ್ಟ ದೀಪ ಎರಡನ್ನೂ ಆಫ್ ಮಾಡಿ.

ಲೆನ್ಸ್ 70-200 ಎಂಎಂ, ಎಫ್ 2.8 (ಎಫ್ ಸಂಖ್ಯೆ ಚಿಕ್ಕದಾದಷ್ಟೂ ಬೆಳಕು ಹೆಚ್ಚು ಒಳಬರುತ್ತದೆ). ಕೊಳ್ಳಲಾಗದಿದ್ದರೆ ಬಾಡಿಗೆಗೆ ತನ್ನಿ, ಇಲ್ಲವೇ 85 ಎಂಎಂ ಎಫ್ 1.8 ಸಾಕು. ದುಡ್ಡು ಉಳಿಸಲು ಲೆನ್ಸಿನ ದೂರವನ್ನು ದುಪ್ಪಟ್ಟು ಮಾಡುವ ಟೂ-ಎಕ್ಸ್ ಕನ್ವರ್ಟರ್ ಮಾತ್ರ ಬೇಡ, ಎರಡು ಸ್ಟಾಪ್, ಅಂದರೆ ಮುಕ್ಕಾಲು ಪಾಲು, ಬೆಳಕನ್ನು ನುಂಗಿಬಿಡುತ್ತದೆ.

ಎಲ್ಲರೂ ಎಡವುವುದು ಇನ್ನು ಮುಂದೆ. ಸದ್ದಾಗಬಾರದೆಂದು ಸೈಲೆಂಟ್ ಶಟರ್ ಹಾಕಿಕೊಳ್ಳುತ್ತಾರೆ. ಮನೆಗೆ ಹೋಗಿ ನೋಡಿದರೆ ಗಾಯಕಿಯ ಮುಖದ ಮೇಲೆ ಅಡ್ಡಡ್ಡ ಕಪ್ಪು ಪಟ್ಟಿ. ಸೈಲೆಂಟ್ ಎಂದರೆ ಎಲೆಕ್ಟ್ರಾನಿಕ್ ಶಟರ್, ಅದು ಚಿತ್ರ ಹಿಡಿಯುವ ಸೆನ್ಸರನ್ನು ಸಾಲುಸಾಲಾಗಿ ಓದುತ್ತದೆ. ಅಷ್ಟರಲ್ಲಿ ವೇದಿಕೆಯ ಎಲ್‌ಇಡಿ ದೀಪ ನಮ್ಮ ಕಣ್ಣಿಗೆ ತಿಳಿಯದಂತೆ ಆರಿ ಹತ್ತಿರುತ್ತದೆ. ಆರಿದಾಗ ಓದಿದ ಸಾಲು ಕಪ್ಪಗಾಗುತ್ತದೆ. ನಮ್ಮ ವಿದ್ಯುತ್ತು 50 ಹರ್ಟ್ಸ್, ಹಾಗಾಗಿ ಮಾಮೂಲಿ ದೀಪ ಮಿನುಗಿದರೆ ಸೆಕೆಂಡಿಗೆ 100 ಸಲ. ಶಟರ್ ವೇಗ 1/100 ಸೆಕೆಂಡಿಗೆ ಇಟ್ಟರೆ ಪ್ರತಿ ಸಾಲಿಗೂ ಒಂದು ಪೂರ್ತಿ ಮಿನುಗು ಸಿಕ್ಕಿ ಪಟ್ಟಿ ಮಾಯವಾಗುತ್ತದೆ. ಡಿಮ್ಮರ್ ಹಾಕಿದ ಎಲ್‌ಇಡಿಗಳ ಲೆಕ್ಕವೇ ಬೇರೆ, ಅಲ್ಲಿ ತೆಗೆದು ನೋಡದೆ ಗೊತ್ತಾಗದು. ಮೈಕ್ ಪರೀಕ್ಷೆಯ ಹೊತ್ತಿಗೇ ಹೋಗಿ. ವೇದಿಕೆಯಲ್ಲಿ ಕೂತವರ ಬಿಳಿ ಪಂಚೆಯ ಮೇಲೆ 1/100, 1/125, 1/160, 1/250 ಹೀಗೆ ಒಂದೊಂದು ತೆಗೆದು ದೊಡ್ಡದು ಮಾಡಿ ನೋಡಿ. ಪಟ್ಟಿ ಕಂಡ ವೇಗವನ್ನು ಆ ದಿನ ಮುಟ್ಟಬೇಡಿ. ಈ ಐದು ನಿಮಿಷದ ಕೆಲಸ ಬಿಟ್ಟು ನಾನೊಮ್ಮೆ ಎರಡೂವರೆ ಗಂಟೆಯ ಕಛೇರಿಯ ಫೋಟೊಗಳನ್ನು ಪೂರ್ತಿ ಕಳೆದುಕೊಂಡಿದ್ದೇನೆ. ಯಾವ ವೇಗವೂ ಒಗ್ಗದಿದ್ದರೆ ಮೆಕ್ಯಾನಿಕಲ್ ಶಟರ್‌ಗೆ ಬನ್ನಿ, ಆದರೆ ತಾಳವಾದ್ಯದವರಷ್ಟೇ ನುಡಿಸುವ ತನಿ ಆವರ್ತನದವರೆಗೆ ಕಾಯಿರಿ. ಮೃದಂಗ, ಘಟಗಳ ನಡುವೆ ಅದರ ಸದ್ದು ಯಾರಿಗೂ ಕೇಳದು.

ಬೆಳಕಿಗೆ ಕ್ಯಾಮೆರಾದ ಸೂಕ್ಷ್ಮತೆ ಹೇಳುವ ಐಎಸ್‌ಒ 3200, 6400 ಎಂದರೆ ಹೆದರಬೇಡಿ. ಕ್ಯಾಮೆರಾ ತಿದ್ದದ ಮೂಲ ರೂಪವಾದ ರಾ ಫೈಲ್‌ನಲ್ಲೇ ತೆಗೆಯಿರಿ. ನೇರಳೆ ದೀಪದ ಕೆಳಗೆ ಎಕ್ಸ್‌ಪೋಷರ್ ಒಂದು ಸ್ಟಾಪ್, ಅಂದರೆ ಅರ್ಧಕ್ಕೆ, ಕಡಿಮೆ ಮಾಡಿ.

ನಿಲ್ಲುವ ಜಾಗ? ಎದುರಿಗೆ ನಿಂತರೆ ಮೈಕ್ ಬಾಯಿ ಮುಚ್ಚುತ್ತದೆ. ಸಾಮಾನ್ಯವಾಗಿ ಮೃದಂಗ ಗಾಯಕರ ಬಲಕ್ಕೆ, ಪಿಟೀಲು ಎಡಕ್ಕೆ. ಹಾಗಾಗಿ ಪ್ರೇಕ್ಷಕರ ಬಲಗಡೆ ಗೋಡೆಗೊರಗಿ ನಿಂತರೆ ಮೃದಂಗದವರ ಮುಖ ನೇರ ಸಿಗುತ್ತದೆ. ಸ್ವರಗಳನ್ನು ಆಗಲೇ ಹೊಸೆದು ಹಾಡುವ ಕಲ್ಪನಾಸ್ವರದಲ್ಲಿ ಗಾಯಕರು ತಮ್ಮ ಸರದಿ ಮುಗಿಸಿ ಪಿಟೀಲಿನವರತ್ತ ತಿರುಗುತ್ತಾರಲ್ಲ, ಹುಬ್ಬು ಮೇಲೇರಿರುತ್ತದೆ, ತಾಳದ ಕೈ ತೊಡೆಯ ಮೇಲೇ ಇರುತ್ತದೆ, ಮುಖ ಮೈಕಿನಿಂದ ಆಚೆ ಬಂದಿರುತ್ತದೆ. ಆ ಒಂದು ಆವರ್ತಕ್ಕಾಗಿ, ಅಂದರೆ ತಾಳದ ಒಂದು ಸುತ್ತಿಗಾಗಿ, ಕಾಯಿರಿ. ರಾಗ, ತಾಳ ತಿಳಿಯದವರಿಗೆ ಅದು ಯಾವಾಗ ಬರುತ್ತದೆಂದು ಗೊತ್ತೇ ಆಗದು. ಅದಕ್ಕೇ 1939ರಲ್ಲಿ ಶುರುವಾದ ಶ್ರೀರಾಮಸೇವಾ ಮಂಡಳಿಯ ಉತ್ಸವಕ್ಕೆ, ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನಕ್ಕೆ, ನಾಲ್ಕು ದಿನ ಕ್ಯಾಮೆರಾ ಇಲ್ಲದೆ ಹೋಗಿ ಕೂತು ಕೇಳಿ ಎನ್ನುತ್ತೇನೆ.

ಆರಿಸಿದ 15 ಫೋಟೊಗಳನ್ನು ಮರುದಿನವೇ ಕಲಾವಿದರಿಗೆ ಕಳಿಸಿ. ಪಕ್ಕವಾದ್ಯದವರನ್ನು ಬಿಡಬೇಡಿ. ಹಿಂದೆ ತಂಬೂರಿ ಹಿಡಿದು ಕೂತ ಶಿಷ್ಯೆಗೂ ಒಂದು ಕಳಿಸಿ.