ಕೆಂಪು ಸಿಗ್ನಲ್ ಮುಂದೆ ಗಾಡಿ ನಿಂತಾಗ ಸ್ಟೇಷನ್ ಮಾಸ್ಟರ್ ಜೊತೆ ಮಾತಾಡುವುದು ಹೇಗೆ?

ಅಸಿಸ್ಟೆಂಟ್ ಲೋಕೊ ಪೈಲಟ್ (ರೈಲು ಓಡಿಸುವವರ ಸಹಾಯಕ) ಆಗಿ ಹೊಸದಾಗಿ ಸೇರುವವರು ಎಂಜಿನ್ ಬಗ್ಗೆ ಚೆನ್ನಾಗಿ ಓದಿಕೊಂಡು ಬಂದಿರುತ್ತಾರೆ. ಬ್ರೇಕ್ ಪೈಪ್ ಪ್ರೆಷರ್ ಎಷ್ಟು ಅಂತ ನಿದ್ದೆಗಣ್ಣಲ್ಲಿ ಕೇಳಿದರೂ ಹೇಳುತ್ತಾರೆ. ಆದರೆ ಸ್ಟೇಷನ್ ಒಳಗೆ ಬರಲು ಅನುಮತಿ ಕೊಡುವ ಹೋಮ್ ಸಿಗ್ನಲ್ ಮುಂದೆ ಗಾಡಿ ನಿಂತಾಗ ವಾಕಿಟಾಕಿ ಕೈಗೆ ಕೊಟ್ಟು ‘ಮಾಸ್ಟರ್‌ಗೆ ಹೇಳಪ್ಪಾ’ ಅಂದರೆ ಸಾಕು, ತಡವರಿಸುತ್ತಾರೆ. ಎಷ್ಟೋ ಜನರ ಬಾಯಲ್ಲಿ ಬರುವುದು ಒಂದೇ ಮಾತು: ‘ಸರ್, ಸಿಗ್ನಲ್ ಕೊಡಿ.’ ಯಾರಿಗೆ ಕೊಡಬೇಕು, ಎಲ್ಲಿ ಕೊಡಬೇಕು?

ಮೊದಲು ಸಿಗ್ನಲ್‌ಗಿಂತ ಹಿಂದೆಯೇ ಗಾಡಿ ನಿಲ್ಲಿಸಿ, ಬ್ರೇಕ್ ಹಾಕಿ, ಟೈಮ್ ಬರೆದುಕೊಳ್ಳಿ. ಇದಕ್ಕೆ ಪಾಠ ಬೇಕಿಲ್ಲ.

ಆಮೇಲೆ ಕಂಬ ನೋಡಿ. ಬಿಳಿ ಬಿಲ್ಲೆಯ ಮೇಲೆ ಕಪ್ಪು ‘ಎ’ ಇದ್ದರೆ ಅದು ಆಟೋಮ್ಯಾಟಿಕ್ ಸಿಗ್ನಲ್. ಹಗಲಲ್ಲಿ 1 ನಿಮಿಷ, ರಾತ್ರಿಯಲ್ಲಿ 2 ನಿಮಿಷ ಕಾಯಬೇಕು. ಆಗಲೂ ಕೆಂಪೇ ಇದ್ದರೆ ಸೀಟಿ ಹೊಡೆದು, ಹಿಂದಿರುವ ಟ್ರೇನ್ ಮ್ಯಾನೇಜರ್ (ಗಾರ್ಡ್) ಜೊತೆ ಸಿಗ್ನಲ್ ಬದಲಾಯಿಸಿಕೊಂಡು, ಮುಂದೆ ಏನೇ ಅಡ್ಡ ಇದ್ದರೂ ನಿಲ್ಲಿಸುವಷ್ಟು ನಿಧಾನಕ್ಕೆ ಹೋಗಬಹುದು. ಹಳದಿ ಬಿಲ್ಲೆಯ ಮೇಲೆ ‘ಜಿ’ ಇದ್ದರೆ ಗೇಟ್ ಸಿಗ್ನಲ್. ಕಾಯುವ ಲೆಕ್ಕ ಅದೇ, ಆದರೆ ಗೇಟಿನವರೆಗೆ ಮಾತ್ರ. ಅಲ್ಲಿ ಕೈ ಸಿಗ್ನಲ್ ನೋಡದೆ ದಾಟುವಂತಿಲ್ಲ. ಯಾವ ಅಕ್ಷರವೂ ಇಲ್ಲದ ಹೋಮ್ ಸಿಗ್ನಲ್ ಆದರೆ ಸ್ವಂತ ಬುದ್ಧಿ ಓಡಿಸುವ ಹಾಗೇ ಇಲ್ಲ. ಅಲ್ಲಿ ಮಾತಾಡಲೇಬೇಕು.

ಎಡವಟ್ಟಾಗುವುದು ಇಲ್ಲೇ. ವಾಕಿಟಾಕಿಯ ಮಾತು ನಿಮ್ಮಿಬ್ಬರದೇ ಅಲ್ಲ, ಸುತ್ತಲಿನ ಎಲ್ಲ ಗಾಡಿಯವರಿಗೂ ಕೇಳಿಸುತ್ತದೆ. ಬೀರೂರಿನಂಥ ಜಂಕ್ಷನ್ ತಗೊಳ್ಳಿ. ಲೂಪ್ ಲೈನಿನಲ್ಲಿ, ಅಂದರೆ ಮುಖ್ಯ ಹಳಿಯ ಪಕ್ಕದ ಹಳಿಯಲ್ಲಿ, ಒಂದು ಗೂಡ್ಸ್ ಹೊರಡುವ ಸಿಗ್ನಲ್ ಆದ ಸ್ಟಾರ್ಟರ್ ನೋಡುತ್ತಾ ನಿಂತಿದೆ. ನಿಮ್ಮ ಗೂಡ್ಸ್ ಹೋಮ್ ಹತ್ತಿರ ಇದೆ. ನೀವು ಬರೀ ‘ಗೂಡ್ಸ್ ಪೈಲಟ್ ಮಾತಾಡ್ತಿದೀನಿ’ ಅಂದಿರಿ. ಮಾಸ್ಟರ್ ‘ಗೂಡ್ಸ್, ಹೊರಡಿ’ ಅಂದರು. ಅವರು ಹೇಳಿದ್ದು ಸ್ಟಾರ್ಟರ್ ಸಿಕ್ಕ ಗಾಡಿಗೆ, ಕೈ ಬ್ರೇಕಿನ ಹತ್ತಿರ ಹೋಗಿದ್ದು ನಿಮ್ಮದು. ಅದಕ್ಕೇ ಹೀಗೆ ಹೇಳಿ:

‘ಬೀರೂರು ಸ್ಟೇಷನ್ ಮಾಸ್ಟರ್, ಬೀರೂರು ಸ್ಟೇಷನ್ ಮಾಸ್ಟರ್. ಅರಸೀಕೆರೆ ಕಡೆಯಿಂದ ಬಂದ ಗೂಡ್ಸ್, ಎಂಜಿನ್ ನಂಬರ್ ಇಂಥದ್ದು, ಅಸಿಸ್ಟೆಂಟ್ ಲೋಕೊ ಪೈಲಟ್ ಮಾತಾಡ್ತಿದೀನಿ. 14:10ರಿಂದ ಹೋಮ್ ಸಿಗ್ನಲ್ ಹತ್ರ ನಿಂತಿದೀನಿ. ಸಿಗ್ನಲ್ ಕೆಂಪು. ಓವರ್.’

ಯಾರನ್ನು ಕರೆಯುತ್ತಿದ್ದೀರಿ, ನೀವು ಯಾರು, ಎಲ್ಲಿದ್ದೀರಿ, ಸಿಗ್ನಲ್ ಹೇಗಿದೆ. ಈ ಸಾಲು ತಪ್ಪಬಾರದು. ಬಟನ್ ಒತ್ತಿ ಒಂದು ಸೆಕೆಂಡ್ ಬಿಟ್ಟು ಬಾಯಿ ತೆಗೆಯಿರಿ, ಇಲ್ಲದಿದ್ದರೆ ಮೊದಲ ಪದ ನುಂಗಿಹೋಗುತ್ತದೆ. ಬಹುತೇಕ ಆ ಪದ ಸ್ಟೇಷನ್ ಹೆಸರೇ ಆಗಿರುತ್ತದೆ. ಅಗ್ಗಕ್ಕೆ ಸಿಗುವ ಡೂಪ್ಲಿಕೇಟ್ ಬ್ಯಾಟರಿ ಹಾಕಿಕೊಂಡು ಬರುವವರೂ ಇದ್ದಾರೆ. ಅವು ಫುಲ್ ಚಾರ್ಜ್ ತೋರಿಸುತ್ತವೆ, ಬಟನ್ ಒತ್ತಿದಾಗ ಸತ್ತುಹೋಗುತ್ತವೆ. ಬೇಡವೇ ಬೇಡ.

ಮಾಸ್ಟರ್ ಏನು ಹೇಳಿದರೋ ಅದನ್ನು ತಿರುಗಿ ಹೇಳಿ. ‘ಓಕೆ’, ‘ಸರಿ ಸರ್’ ಅನ್ನುವುದು ಉತ್ತರವೇ ಅಲ್ಲ. ‘ಲೂಪ್ ಲೈನ್ ಖಾಲಿ ಆಗೋವರೆಗೂ ಹೋಮ್ ಹತ್ರಾನೇ ನಿಂತಿರ್ತೀನಿ’ ಅಂತ ಪೂರ್ತಿ ಹೇಳಿ. ನಂಬರ್‌ಗಳನ್ನು ಬಿಡಿಬಿಡಿಯಾಗಿ ಹೇಳಿ. ಮಾಸ್ಟರ್ ಹಿಂದಿಯವರಾಗಿದ್ದರೆ ಉನತಾಲೀಸ್ ಅಂದರೆ 39, ಉನಚಾಸ್ ಅಂದರೆ 49. ಗಡಿಬಿಡಿಯಲ್ಲಿ ನಮ್ಮ ಕಿವಿಗೆ ಎರಡೂ ಒಂದೇ. ‘ಮೂರು ಒಂಬತ್ತು’ ಅಂದರೆ ಯಾವ ಜಗಳವೂ ಇಲ್ಲ. ಭಾಷೆ ಅರ್ಥವಾಗದಿದ್ದರೆ ನಾಚಿಕೆ ಬಿಟ್ಟು ಮತ್ತೆ ಕೇಳಿ. 2019ರ ಮೇ ತಿಂಗಳಲ್ಲಿ ಮಧುರೈ ಹತ್ತಿರ ಇಬ್ಬರು ಸ್ಟೇಷನ್ ಮಾಸ್ಟರ್‌ಗಳ ಮಾತು ಹೊಂದದೆ ಎರಡು ಗಾಡಿ ಒಂದೇ ಸೆಕ್ಷನ್ನಿಗೆ ಬಂದಿದ್ದವು.

ಇನ್ನೊಂದು ವಿಷಯ. ವಾಕಿಟಾಕಿಯಲ್ಲಿ ‘ಬನ್ನಿ ಬನ್ನಿ’ ಅಂದರು ಅಂತ ಕೆಂಪು ದಾಟಬೇಡಿ. ಮಾಸ್ಟರ್ ಎಷ್ಟೇ ಪರಿಚಯದವರಾಗಿರಲಿ, ಬಾಯಿಮಾತಿಗೆ ಅಲ್ಲಿ ಬೆಲೆ ಇಲ್ಲ. ಒಂದೋ ಕೆಂಪು ಹೋಗಿ ಹಳದಿ ಅಥವಾ ಹಸಿರು ಬರಬೇಕು. ಇಲ್ಲವೇ ಎಚ್ಚರದಿಂದ ಬನ್ನಿ ಅನ್ನುವ, ಕೆಳಗಿನ ಪುಟ್ಟ ಹಳದಿ ಕಾಲಿಂಗ್ ಆನ್ ದೀಪ ಹತ್ತಬೇಕು. ಇಲ್ಲವೇ ಕೆಂಪು ದಾಟಲು ಬರೆದುಕೊಡುವ ಅನುಮತಿ, ಟಿ/369 (3ಬಿ) ಫಾರಂ ಕೈಗೆ ಬರಬೇಕು. ಕಂಬದಲ್ಲಿ ಸಿಗ್ನಲ್ ಪೋಸ್ಟ್ ಟೆಲಿಫೋನ್ ಇದ್ದರೆ ಅದರಲ್ಲಿ ಮಾಸ್ಟರ್ ಪ್ರೈವೇಟ್ ನಂಬರ್ (ಗುರುತಿನ ಗುಪ್ತ ಸಂಖ್ಯೆ) ಕೊಟ್ಟು ಅನುಮತಿ ಕೊಡಬಹುದು. ಆ ನಂಬರನ್ನು ಅಂಗೈ ಮೇಲೆ ಬರೆದುಕೊಳ್ಳುವವರನ್ನು ನೋಡಿದ್ದೇನೆ. ಬೆವರಿಗೆ ಅಳಿಸಿಹೋಗುತ್ತದೆ, ಪುಸ್ತಕದಲ್ಲಿ ಬರೆಯಿರಿ.

ಪೇಪರ್ ಕೈಗೆ ಬಂದ ಮೇಲೂ ಓದದೆ ಜೇಬಿಗೆ ಹಾಕಬೇಡಿ. ಯಾವ ಸಿಗ್ನಲ್, ಯಾವ ಸ್ಪೀಡ್, ಸಹಿ ಇದೆಯಾ ಅಂತ ಇಬ್ಬರೂ ಜೋರಾಗಿ ಓದಿ. 2024ರ ಜೂನ್ 17ರಂದು ಪಶ್ಚಿಮ ಬಂಗಾಳದ ರಂಗಾಪಾನಿ ಹತ್ತಿರ ಆಟೋಮ್ಯಾಟಿಕ್ ಸಿಗ್ನಲ್‌ಗಳು ಕೆಟ್ಟಿದ್ದವು. ಕೆಂಪು ದಾಟಲು ಗೂಡ್ಸ್ ಗಾಡಿಗೆ ಟಿ/ಎ 912 ಅನ್ನುವ ಲಿಖಿತ ಅನುಮತಿ ಕೊಟ್ಟಿದ್ದರು. ಅದರಲ್ಲಿ ಸ್ಪೀಡ್ ಎಷ್ಟಿರಬೇಕು ಅಂತ ಇರಲಿಲ್ಲ. ಗೂಡ್ಸ್ ಮುಂದಿದ್ದ ಕಾಂಚನಜುಂಗಾ ಎಕ್ಸ್‌ಪ್ರೆಸ್‌ಗೆ ಹಿಂದಿನಿಂದ ಗುದ್ದಿತು. ಪೇಪರಿನಲ್ಲಿ ಏನೋ ಬಿಟ್ಟುಹೋಗಿದೆ ಅನಿಸಿದರೆ ಮಾಸ್ಟರನ್ನು ಕೇಳಿ. ಬೈದರೆ ಬೈಯಲಿ.

ಮಾತು ಮುಗಿದ ಮೇಲೆ ಸುಮ್ನೆ ಕಾಯಿರಿ. ನಿಮಿಷಕ್ಕೊಂದು ಸಲ ‘ಸರ್, ಆಯ್ತಾ?’ ಅಂತ ಕೇಳಿದರೆ ಚಾನೆಲ್ ಕಟ್ಟಿಹೋಗಿ ಬೇರೆಯವರಿಗೆ ತುರ್ತು ಬಂದರೂ ಜಾಗ ಸಿಗುವುದಿಲ್ಲ. ಟ್ರೇನ್ ಮ್ಯಾನೇಜರ್‌ಗೆ ಮಾತ್ರ ವಿಷಯ ತಿಳಿಸಿರಿ. ಸ್ವಂತ ಮೊಬೈಲಿನಿಂದ ಮಾಸ್ಟರ್‌ಗೆ ಫೋನ್ ಮಾಡುವ ಶಾರ್ಟ್‌ಕಟ್ ಜಾಸ್ತಿಯಾಗಿದೆ. ಆ ಮಾತು ಟ್ರೇನ್ ಮ್ಯಾನೇಜರ್‌ಗೂ ಕೇಳಿಸುವುದಿಲ್ಲ, ಪಕ್ಕದ ಗಾಡಿಯವರಿಗೂ ಕೇಳಿಸುವುದಿಲ್ಲ. ನನ್ನ ಪ್ರಕಾರ ಅದು ಮಾತಾಡದೆ ಇರುವುದಕ್ಕಿಂತ ಕೆಟ್ಟದ್ದು.

ಉತ್ತರವೇ ಬರದಿದ್ದರೆ? ಸಕಲೇಶಪುರ–ಸುಬ್ರಹ್ಮಣ್ಯ ರೋಡ್ ಘಾಟಿಯಲ್ಲಿ 57 ಸುರಂಗಗಳಿವೆ, ಬೆಟ್ಟದ ಮರೆಯಲ್ಲಿ ವಾಕಿಟಾಕಿ ಕೈಕೊಡುವುದು ಮಾಮೂಲಿ. ಅದಕ್ಕೆ ಹಳೇ ನಿಯಮವೇ ಇದೆ. ಸ್ಟೇಷನ್ನಿನ ಮೊದಲ ಸ್ಟಾಪ್ ಸಿಗ್ನಲ್ ಹತ್ತಿರ 5 ನಿಮಿಷ ನಿಂತರೆ ಅಸಿಸ್ಟೆಂಟ್ ಇಳಿದು ನಡೆದುಕೊಂಡು ಹೋಗಿ ಮಾಸ್ಟರ್‌ಗೆ ಹೇಳಬೇಕು. 10 ನಿಮಿಷ ದಾಟಿದರೆ ಟ್ರೇನ್ ಮ್ಯಾನೇಜರ್ ಗಾಡಿಯ ಹಿಂದೆ ಹಳಿಯ ಮೇಲೆ ಡಿಟೋನೇಟರ್ (ಚಕ್ರ ಹತ್ತಿದರೆ ಸಿಡಿದು ಎಚ್ಚರಿಸುವ ಪಟಾಕಿ) ಇಡಲು ಹೊರಡಬೇಕು. ಮಳೆ ಇದೆ, ಟಾರ್ಚ್ ಇಲ್ಲ ಅನ್ನುವಂತಿಲ್ಲ. ಟಾರ್ಚ್ ಡ್ಯೂಟಿಗೆ ಬರುವಾಗಲೇ ನೋಡಿಕೊಳ್ಳಿ.

ಸಿಗ್ನಲ್ ಸಿಕ್ಕಿತು ಅಂದುಕೊಳ್ಳಿ. ಇಬ್ಬರೂ ಬಣ್ಣ ಕೂಗಿ ಹೇಳಿ, ಅದು ನಿಮ್ಮ ಲೈನಿನದ್ದೇ ಅಂತ ನೋಡಿ ಹೊರಡಿ. ನಿಂತ ಟೈಮ್, ಹೊರಟ ಟೈಮ್, ಸಿಗ್ನಲ್ ನಂಬರ್ ಆಗಲೇ ಬರೆಯಿರಿ. ಡ್ಯೂಟಿ ಮುಗಿದು ಲಾಬಿಯಲ್ಲಿ (ಸಿಬ್ಬಂದಿ ಹಾಜರಿ ಹಾಕುವ ಆಫೀಸು) ಸೈನ್ ಆಫ್ ಮಾಡುವಾಗ ನೆನಪಿನಿಂದ ಬರೆದರೆ ಎಂಟು ನಿಮಿಷ ಹದಿನೈದಾಗುತ್ತದೆ. ಅದು ಸ್ಟೇಷನ್ ರಿಜಿಸ್ಟರ್‌ಗೆ ತಾಳೆಯಾಗದೆ, ರಜೆಯ ದಿನ ಆಫೀಸಿಗೆ ಹೋಗಿ ವಿವರಣೆ ಬರೆದುಕೊಡುವ ಕೆಲಸ ನಿಮ್ಮ ತಲೆಗೇ ಬರುತ್ತದೆ.